ಟೆಂಡರಿಗೆ ಮುಂಚಿನ ಸಭೆ: ಕೇಳಿದ್ದು ಯಾರನ್ನು, ಕೇಳಿದ್ದು ಏನನ್ನು?

ಪ್ರಶ್ನೆ: ನಮ್ಮದು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಒಂದು. ನಮ್ಮ ಮುಖ್ಯರಸ್ತೆ ಸುಮಾರು 600 ಮೀಟರ್ ಉದ್ದ, 15 ಮೀಟರ್ ಅಗಲ ಇದೆ. ನಡುವೆ 9 ಮೀಟರ್ ಡಾಂಬರು, ಎರಡೂ ಬದಿಗೆ ಮಣ್ಣು. ಇದನ್ನು ‘ಮಾದರಿ ರಸ್ತೆ’ ಮಾಡುವ ಯೋಜನೆ ಬಂದಿದೆ. ಟೈಲ್ಸ್ ಹಾಕಿದ ಪಾದಚಾರಿ ಮಾರ್ಗ, ಅಲಂಕಾರದ ದೀಪ, ಕಾರು ನಿಲ್ಲಿಸಲು ಗುರುತು ಮಾಡಿದ ಜಾಗ ಎಲ್ಲವೂ ನಕ್ಷೆಯಲ್ಲಿವೆ. ಬುಧವಾರ ಬೆಳಿಗ್ಗೆ 11 ಗಂಟೆಗೆ ಸಾರ್ವಜನಿಕರ ಸಭೆ ಕರೆದಿದ್ದರು. ನಲವತ್ತು ಜನ ಸೇರಿದ್ದೆವು; ಬಹುತೇಕ ನಿವೃತ್ತರು, ಸ್ವಂತ ಮನೆಯವರು. ರಸ್ತೆಯ ತಗ್ಗಿನ ತುದಿಯಲ್ಲಿ ಇನ್ನೂರು ಮನೆಗಳ ಕಾಲೊನಿ ಇದೆ, ಅಲ್ಲಿಂದ ಒಬ್ಬರೂ ಬಂದಿರಲಿಲ್ಲ. ‘ಸಲಹೆ ಇದ್ದರೆ ಬರೆದು ಕೊಡಿ, ಮುಂದಿನ ತಿಂಗಳು ಟೆಂಡರ್’ ಎಂದು ಸಭೆ ಮುಗಿಸಿದರು. ಪಾದಚಾರಿ ಮಾರ್ಗ ನನಗೆ ಬೇಕು, ನಮ್ಮ ಅತ್ತೆ ಈ ರಸ್ತೆಯಲ್ಲೇ ಎಡವಿ ಬಿದ್ದು ಕೈ ಮುರಿದುಕೊಂಡರು. ಆದರೆ ಸಂಜೆ ಸೊಪ್ಪು, ಹೂವು ಮಾರುವ ಮೂವತ್ತು ಜನರಿಗೆ ನಕ್ಷೆಯಲ್ಲಿ ಜಾಗವೇ ಇಲ್ಲ. ‘ನಾವು ಎಲ್ಲಿಗೆ ಹೋಗೋದಕ್ಕ?’ ಎಂದು ಹೂವಿನವರು ಕೇಳಿದಾಗ ಉತ್ತರ ತೋಚಲಿಲ್ಲ. ಇಂಥ ಸಭೆಗೆ ಕಾನೂನಿನ ಬೆಲೆ ಇದೆಯೇ, ಅಥವಾ ಬರೀ ಶಾಸ್ತ್ರವೇ? ‘ಕಾಲೊನಿಯವರು ಕರೆದರೂ ಬರುವುದಿಲ್ಲ’ ಎನ್ನುತ್ತಾರೆ ಸಂಘದ ಹಿರಿಯರು, ಅದು ನಿಜವೇ? ರಸ್ತೆ ಚೆಂದವಾದ ಮೇಲೆ ಬಾಡಿಗೆ ಏರಿ ಅಲ್ಲಿನವರೇ ಜಾಗ ಬಿಡಬೇಕಾಗುತ್ತದೆಯೇ? ನ್ಯಾಯಾಲಯಕ್ಕೆ ಹೋಗುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ರಸ್ತೆ ಸುಧಾರಿಸಬೇಕು ಎಂಬುದು ಒಂದು, ಆ ಸುಧಾರಣೆಯ ಬೆಲೆಯನ್ನು ಸಭೆಗೆ ಬರಲಾಗದವರು ತೆರಬಾರದು ಎಂಬುದು ಇನ್ನೊಂದು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಎಂಬ ಭಾವನೆ ಸಭೆಯಲ್ಲಿ ಮೂಡಿದ್ದರೆ, ಅದು ನಕ್ಷೆಯನ್ನು ಮುಂದಿಟ್ಟ ರೀತಿಯಿಂದ ಮೂಡಿದ್ದು. ನೀವು ಕೊಟ್ಟಿರುವ ಅಳತೆಗಳನ್ನು ನೋಡಿದರೆ ಆ 15 ಮೀಟರಿನಲ್ಲಿ ಎರಡಕ್ಕೂ ಜಾಗವಿದೆ. ಲೆಕ್ಕವನ್ನು ಮುಂದೆ ಕೊಡುತ್ತೇನೆ.

ಮೊದಲು ಕಾನೂನು. ಸಾರ್ವಜನಿಕರ ಅಭಿಪ್ರಾಯ ಕೇಳುವುದು ಅಧಿಕಾರಿಗಳ ಔದಾರ್ಯ ಎಂದು ಕೆಲವರು, ಎಲ್ಲ ಕಾಮಗಾರಿಗೂ ಜನರ ಒಪ್ಪಿಗೆ ಕಡ್ಡಾಯ ಎಂದು ಇನ್ನು ಕೆಲವರು ನಂಬಿದ್ದಾರೆ. ಎರಡೂ ಪೂರ್ತಿ ನಿಜವಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು, ಅಂದರೆ ಮಾಸ್ಟರ್ ಪ್ಲಾನನ್ನು, ಪ್ರಕಟಿಸಿ 60 ದಿನ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ಒಂದು ಜಾಗದ ಭೂ ಬಳಕೆ ಬದಲಿಸುವುದಿದ್ದರೂ ದಿನಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಕನಿಷ್ಠ 15 ದಿನ ಕಾಯಬೇಕು. ಆದರೆ ಇರುವ ರಸ್ತೆಗೆ ಟೈಲ್ಸ್ ಹಾಕುವುದು, ದೀಪ ನೆಡುವುದು ಕಾಮಗಾರಿಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಆ 60 ದಿನಗಳ ರಕ್ಷಣೆ ಇಲ್ಲ. ಹಾಗಾಗಿ ‘ನಮ್ಮನ್ನು ಸರಿಯಾಗಿ ಕೇಳಲಿಲ್ಲ’ ಎಂಬ ಒಂದೇ ವಾದ ಹಿಡಿದು ಹೊರಟರೆ ನೀವು ಬೇಗ ಸುಸ್ತಾಗುತ್ತೀರಿ.

ನಿಮಗೆ ಗಟ್ಟಿ ನೆಲ ಇರುವುದು ಬೇರೆ ಕಡೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿದು ಮಾರಾಟದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸ್ ಕೊಡಬೇಕು. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ರಸ್ತೆಯ ನಕ್ಷೆ ಆ ಸಮಿತಿಯ ಮುಂದೆ ಹೋಗಿದೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ. ಎರಡನೆಯದಾಗಿ, 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಂತೆ ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳ ಹಿಂದಿನ ಸಂಗತಿಗಳನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, ಅಂದಾಜು ಪಟ್ಟಿ, ರಸ್ತೆಯ ಅಡ್ಡಕೊಯ್ತದ (ಅಗಲವನ್ನು ಯಾವುದಕ್ಕೆ ಎಷ್ಟು ಹಂಚಿದೆ ಎಂದು ತೋರಿಸುವ) ನಕ್ಷೆ, ಚರಂಡಿಯ ಮಟ್ಟಗಳು, ಈ ಮೂರನ್ನು ಪಡೆಯಿರಿ. ಮೂರನೆಯ ದಾರಿ ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಅದನ್ನು ವಿಧಿಸಿದೆ. ಆದರೆ ಆ ಸಮಿತಿ ನಿಂತಿರುವುದು ಚುನಾಯಿತ ಸದಸ್ಯರ ಮೇಲೆ. ಮೈಸೂರಿನ 65 ವಾರ್ಡುಗಳ ಕಳೆದ ಚುನಾಯಿತ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಪಾಲಿಕೆಯಲ್ಲಿ ಸದಸ್ಯರೇ ಇಲ್ಲದ ಕಾಲದಲ್ಲಿ ವಲಯ ಕಚೇರಿಯ ಬಾಗಿಲನ್ನೇ ತಟ್ಟಬೇಕಾಗುತ್ತದೆ.

ಶಾಸ್ತ್ರಕ್ಕೆ ಸಭೆ ಕರೆಯುವ ಪದ್ಧತಿ ನಮ್ಮ ಊರಿಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನದಲ್ಲಿ 144 ಮಂದಿ ಸೇರಿದ್ದರು. ದಸರೆಯ ಹೊತ್ತಿಗೆ ದಿವಾನರು ಆಡಳಿತದ ವರದಿ ಓದುವರು, ಸದಸ್ಯರು ಅಹವಾಲು ಹೇಳಿಕೊಳ್ಳುವರು. ಮತ ಹಾಕಿ ತೀರ್ಮಾನಿಸುವ ಅಧಿಕಾರ ಆಗ ಅವರಿಗೆ ಇರಲಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಜಮೀನುದಾರರು, ವರ್ತಕರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದರೆ ನಿಮ್ಮ ಬುಧವಾರದ ಸಭೆಯೂ ಅದೇ ಅಚ್ಚಿನಲ್ಲಿ ಎರಕವಾಗಿದೆ ಎಂಬುದು ಯೋಚಿಸಬೇಕಾದ ಮಾತು. ಇನ್ನೊಂದು ಉದಾಹರಣೆ ನಿಮ್ಮ ಕಣ್ಣ ಮುಂದೆಯೇ ಇದೆ. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ, ಮೈಸೂರಿಗೆ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲಿಯೇ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಅಗಲ ರಸ್ತೆ, ಗಾಳಿ ಬೆಳಕು, ಸಾಲುಮರ ಎಲ್ಲ ಆ ಪರಂಪರೆಯ ಕೊಡುಗೆ. ಅದರ ಜೊತೆಗೇ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳೂ ಬಂದವು, ಮಲ ಹೊರುವವರು ಮುಂಬಾಗಿಲಿನ ಕಡೆ ಕಾಣಿಸದೆ ಬಂದು ಹೋಗಲೆಂದು. ಊರಿನ ಆರೋಗ್ಯ ಕಾಪಾಡುತ್ತಿದ್ದವರನ್ನು ನಕ್ಷೆ ಬೆನ್ನಿಗೆ ಸರಿಸಿತ್ತು. ಹಳೆಯ ಮೊಹಲ್ಲಾಗಳಲ್ಲಿ ನಡೆಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ‘ಕರೆದರೂ ಬರುವುದಿಲ್ಲ’ ಎಂಬ ಮಾತು. ಬುಧವಾರ ಬೆಳಿಗ್ಗೆ 11 ಗಂಟೆಗೆ ಕಾಲೊನಿಯಲ್ಲಿ ಯಾರಿರುತ್ತಾರೆ, ನೀವೇ ಲೆಕ್ಕ ಹಾಕಿ. ಪೌರಕಾರ್ಮಿಕರು ಬೆಳಕು ಹರಿಯುವ ಹೊತ್ತಿಗೇ ಹೋಗಿರುತ್ತಾರೆ, ಮನೆಗೆಲಸದವರು ನಿಮ್ಮಂಥವರ ಮೂರನೆಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ, ಗಾರೆ ಕೆಲಸದವರು ಸೈಟಿನಲ್ಲಿರುತ್ತಾರೆ. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ ಹೆಂಗಸರಿಗೆ ಸಿಗುವುದು ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿ. ಎರಡು ಗಂಟೆ ಸಭೆಯಲ್ಲಿ ಕೂತರೆ ಅಷ್ಟು ಕಡ್ಡಿ ಕಡಿಮೆ, ಅಷ್ಟು ದುಡ್ಡು ಕಡಿಮೆ. ಪಿಂಚಣಿ ಬರುವ ನನ್ನಂಥವನಿಗೆ ಸಭೆ ಪುಕ್ಕಟೆ, ಅವರಿಗೆ ಅದು ಖರ್ಚು. ಹಿಂದೆ ಒಂದೆರಡು ಸಭೆಗೆ ಬಂದು, ಹೇಳಿದ ಮಾತು ಎಲ್ಲಿಯೂ ದಾಖಲಾಗದೆ ಹೋದ ಅನುಭವ ಇದ್ದರಂತೂ ಮತ್ತೆ ಬರಲು ಕಾರಣವೇ ಉಳಿಯುವುದಿಲ್ಲ. ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರ ಅನುಭವ ಅಷ್ಟೇ; ಕಾರಣವನ್ನು ಮಾತ್ರ ತಪ್ಪು ಕಡೆ ಹುಡುಕುತ್ತಿದ್ದಾರೆ.

ನಾನೂ ಈ ತಪ್ಪು ಮಾಡಿದವನೇ. ವೃತ್ತಿಯ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಒಂದು ಪಟ್ಟಣದಲ್ಲಿ ತಗ್ಗಿನ ಕೇರಿಯೊಂದಕ್ಕೆ ಚರಂಡಿ ಯೋಜನೆ ಮಾಡಿದ್ದೆವು. ಸಭೆ ನಡೆಸಿದೆವು, ಯಜಮಾನರೆಲ್ಲ ಒಪ್ಪಿದರು, ಮಳೆನೀರಿನ ಲೆಕ್ಕ ಹಾಕಿ ಸಿಮೆಂಟಿನ ಚರಂಡಿ ಕಟ್ಟಿದೆವು. ಮುಂದಿನ ವರ್ಷವೂ ಮನೆಗಳ ನೆಲ ಒದ್ದೆ. ಅಳತೆಗೆ ಹೋಗಿದ್ದ ನಮ್ಮ ಹುಡುಗನಿಗೆ ಒಬ್ಬ ಅಜ್ಜಿ ಮೊದಲೇ ಹೇಳಿದ್ದರಂತೆ: ‘ಮಳೆ ನೀರಲ್ಲ ಕಣಪ್ಪ ಇದು, ನಾಲೆಗೆ ನೀರು ಬಿಟ್ಟಾಗ ಬರೋ ಜೌಗು.’ ಅವರು ಸಭೆಗೆ ಬಂದಿರಲಿಲ್ಲ, ಆದ್ದರಿಂದ ಅವರ ಮಾತು ನಡಾವಳಿಯಲ್ಲಿ ಇರಲಿಲ್ಲ. ನಡಾವಳಿಯಲ್ಲಿ ಇಲ್ಲದ್ದರಿಂದ ವಿನ್ಯಾಸದಲ್ಲೂ ಇರಲಿಲ್ಲ. ನೆಲದಡಿಯಿಂದ ಜಿನುಗುವ ನೀರನ್ನು ಸಿಮೆಂಟಿನ ಗೋಡೆ ಹೊರಗೇ ತಡೆದು ನಿಲ್ಲಿಸಿತ್ತು. ಆ ಕೆಲಸದ ಹಣ ಪೂರ್ತಿ ವ್ಯರ್ಥವಾಯಿತು. ಜನರನ್ನು ಕೇಳುತ್ತ ಕೂತರೆ ಕೆಲಸ ತಡವಾಗುತ್ತದೆ ಎಂದು ಯಾರಾದರೂ ಹೇಳಿದಾಗ, ಆ ಚರಂಡಿಯನ್ನು ಒಡೆದು ಮತ್ತೆ ಕಟ್ಟಲು ಹಿಡಿದ ದಿನಗಳನ್ನು ನಾನು ಲೆಕ್ಕಕ್ಕೆ ಸೇರಿಸುತ್ತೇನೆ.

ಆದ್ದರಿಂದ ಇನ್ನೊಂದು ಸಭೆ ಕರೆಯಿರಿ ಎಂದು ಒತ್ತಾಯಿಸಬೇಡಿ. ಯಾವುದು ಇನ್ನೂ ತೀರ್ಮಾನವಾಗಿಲ್ಲ, ಯಾವುದನ್ನು ಬದಲಿಸಲು ಸಾಧ್ಯ ಎಂಬುದನ್ನು ಟೆಂಡರಿಗೆ ಮುಂಚೆ ಬರಹದಲ್ಲಿ ಕೇಳಿ. ಕೆಲಸದ ಆದೇಶ ಹೊರಟ ಮೇಲೆ ಚಿಕ್ಕ ಬದಲಾವಣೆಗೂ ಹೊಸ ಮಂಜೂರಾತಿ ಬೇಕಾಗುತ್ತದೆ, ಒಪ್ಪುವ ಮನಸ್ಸಿದ್ದರೂ ಎಂಜಿನಿಯರ ಕೈ ಕಟ್ಟಿಹೋಗಿರುತ್ತದೆ. ಜೊತೆಗೆ ನೀವೇ ಜನರಿದ್ದ ಕಡೆ ಹೋಗಿ. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಕೊಡುವ ದಿನ, ಸ್ತ್ರೀಶಕ್ತಿ ಸಂಘದ ಸಭೆ ಸೇರುವ ಸಂಜೆ, ಅಂಗನವಾಡಿಯ ಬಾಗಿಲು, ಇವು ನಿಮ್ಮ ಸಭಾಂಗಣಗಳು. ರಾತ್ರಿ ಏಳೂವರೆಯ ನಂತರ, ಅಡುಗೆ ಮುಗಿದ ಮೇಲೆ, ಕಾಲೊನಿಯ ಒಳಗೆ ಅರ್ಧ ಗಂಟೆ ಸಾಕು. ಮೈಸೂರಿನ ಎಷ್ಟೋ ಕಾಲೊನಿಗಳಲ್ಲಿ ಮನೆಮಾತು ಉರ್ದು, ತಮಿಳು, ತೆಲುಗು. ಕನ್ನಡ ಎಲ್ಲರಿಗೂ ಬಂದರೂ ದೂರನ್ನು ಮನೆಮಾತಿನಲ್ಲಿ ಹೇಳುವುದು ಸುಲಭ, ಆ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ನೀರು ಬಿಡುವ ವಾಲ್ವ್‌ಮ್ಯಾನ್‌ನನ್ನು ಮರೆಯಬೇಡಿ. ಯಾವ ಮನೆಗೆ ಯಾವ ಹೊತ್ತಿಗೆ ನೀರು ಹತ್ತುವುದಿಲ್ಲ ಎಂಬುದು ಕಚೇರಿಯ ಕಡತಕ್ಕಿಂತ ಆತನಿಗೆ ಹೆಚ್ಚು ಗೊತ್ತು.

ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರೆ ಯಾರಿಗೂ ಸರಿಯಾಗಿ ಅರ್ಥವಾಗುವುದಿಲ್ಲ. ಓದಿದವರು ಅರ್ಥವಾದಂತೆ ತಲೆಯಾಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಒಂದು ಭಾನುವಾರ ಬೆಳಿಗ್ಗೆ ಸುಣ್ಣದ ಪುಡಿ ತಂದು, ಪಾದಚಾರಿ ಮಾರ್ಗ ಎಲ್ಲಿಗೆ ಬರುತ್ತದೆ, ಕಾರು ಎಲ್ಲಿ ನಿಲ್ಲುತ್ತದೆ ಎಂದು ರಸ್ತೆಯ ಮೇಲೇ ಐವತ್ತು ಮೀಟರ್ ಗೆರೆ ಎಳೆಯಿರಿ. ಹೂವಿನವರು ತಮ್ಮ ಬುಟ್ಟಿ ಇಡುವ ಜಾಗದಲ್ಲಿ ನಿಂತು ನೋಡಲಿ, ಅತ್ತೆಯವರು ಆ ಗೆರೆಗಳ ನಡುವೆ ನಡೆದು ನೋಡಲಿ. ನಾನು ಕಂಡಂತೆ ಮೂರು ಸಭೆಗಳಲ್ಲಿ ಹೊರಬೀಳದ ಆಕ್ಷೇಪಗಳು ಇಂಥ ಒಂದು ಗಂಟೆಯಲ್ಲಿ ಹೊರಬೀಳುತ್ತವೆ.

ಒಂದು ಎಚ್ಚರಿಕೆ ಇದೆ. ವ್ಯಾಪಾರಿಗಳ ಲೆಕ್ಕ ತೆಗೆಯುವಾಗ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಪಟ್ಟಿ ಯಾರ ಕೈಗೆ ಹೋಗುತ್ತದೋ ಎಂಬ ಅವರ ಭಯಕ್ಕೆ ಹಿಂದಿನ ಎತ್ತಂಗಡಿಗಳ ನೆನಪಿದೆ. ಎಷ್ಟು ಬುಟ್ಟಿ, ಎಷ್ಟು ತಳ್ಳುಗಾಡಿ, ಯಾವ ಹೊತ್ತು, ಎಷ್ಟು ಜಾಗ, ಇಷ್ಟು ಸಾಕು. ಹಾಗೆಯೇ ಕಾಲೊನಿಯವರನ್ನು ನಿಮ್ಮ ಸಂಘದ ಮನವಿಗೆ ಸಹಿ ಸಂಖ್ಯೆಯಾಗಿ ಬಳಸಿಕೊಳ್ಳುವ ಅಪಾಯವೂ ಇದೆ. ಅವರಿಗೆ ಬೇಕಾದದ್ದು ನಿಮಗೆ ಬೇಕಾದದ್ದಕ್ಕಿಂತ ಬೇರೆಯಾಗಿದ್ದರೆ ಅದನ್ನು ಬೇರೆಯಾಗಿಯೇ ಬರೆಯಿರಿ.

ಈಗ ಅಳತೆಯ ಲೆಕ್ಕ. ಎರಡು ದಿಕ್ಕಿನ ಸಂಚಾರಕ್ಕೆ 7 ಮೀಟರ್ ಡಾಂಬರು ಸಾಕು. 15ರಲ್ಲಿ ಅದನ್ನು ಕಳೆದರೆ ಬದಿಗೆ ನಾಲ್ಕು ನಾಲ್ಕು ಮೀಟರ್ ಉಳಿಯುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿಗಳಿಗೆ ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ಇರಬೇಕೆನ್ನುತ್ತದೆ; ಇಬ್ಬರು ಎದುರುಬದುರಾಗಿ, ಅಥವಾ ಒಂದು ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು. ಮರ, ಕಂಬಗಳಿಗೆ 1 ಮೀಟರ್ ಬಿಟ್ಟರೂ ಇನ್ನೂ 1.2 ಮೀಟರ್ ಇದೆ. ಸೊಪ್ಪಿನವರಿಗೆ, ಹೂವಿನವರಿಗೆ ಅಷ್ಟು ಸಾಕು. ಆದರೆ ಸಾಲಾಗಿ ಕಾರು ನಿಲ್ಲಿಸಬೇಕಾದರೆ ಎರಡು ಮೀಟರಿಗಿಂತ ಹೆಚ್ಚು ಬೇಕು. ಅಂದರೆ ನಿಮ್ಮ ನಕ್ಷೆಯಲ್ಲಿ ವ್ಯಾಪಾರಿಗಳ ಜಾಗವನ್ನು ತೆಗೆದುಕೊಂಡದ್ದು ಕಾರುಗಳು, ಮತ್ತು ಆ ಕಾರುಗಳ ಪೈಕಿ ಕೆಲವು ಸಭೆಗೆ ಬಂದ ನಲವತ್ತು ಜನರವೇ ಇರಬಹುದು. ಸಂಘದಲ್ಲಿ ಈ ಮಾತು ಎತ್ತಿದರೆ ಸ್ವಲ್ಪ ಬಿಸಿಯಾಗುತ್ತದೆ, ಆದರೂ ಎತ್ತಬೇಕು. ಮನೆಯೊಳಗೆ ಕಾರು ನಿಲ್ಲಿಸಲು ಜಾಗವಿದ್ದೂ ರಸ್ತೆಯಲ್ಲಿ ನಿಲ್ಲಿಸುವವರು ಎಷ್ಟು ಎಂದು ಎಣಿಸಿಕೊಂಡು ಹೋಗಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಹೆಚ್ಚು ಆತಂಕ ತಂದ ಸಂಗತಿ ನೀರಿನದು. ಕಾಲೊನಿ ತಗ್ಗಿನ ತುದಿಯಲ್ಲಿದೆ ಎಂದಿರಿ. ಈಗ ಎರಡೂ ಬದಿ ಸೇರಿ 6 ಮೀಟರ್ ಮಣ್ಣು, 600 ಮೀಟರ್ ಉದ್ದ; ಅಂದರೆ 3,600 ಚದರ ಮೀಟರ್. ಮೇ ತಿಂಗಳಿನ ಒಂದು ಜೋರು ಮಳೆ 50 ಮಿಲಿಮೀಟರ್ ಸುರಿದರೆ ಆ ಪಟ್ಟಿಯ ಮೇಲೆ ಬೀಳುವ ನೀರು 1 ಲಕ್ಷ 80 ಸಾವಿರ ಲೀಟರ್, ಆರು ಸಾವಿರ ಲೀಟರಿನ ಮೂವತ್ತು ಟ್ಯಾಂಕರುಗಳಷ್ಟು. ಅದರಲ್ಲಿ ಒಂದು ಪಾಲು ಈಗ ಕೆಂಪು ಮಣ್ಣಿನಲ್ಲಿ ಇಂಗುತ್ತಿದೆ. ಕಾಂಕ್ರೀಟಿನ ಮೇಲೆ ಟೈಲ್ಸ್ ಕೂರಿಸಿದರೆ ಹೆಚ್ಚು ಕಡಿಮೆ ಅಷ್ಟೂ ಹರಿದು ಇಳಿಜಾರಿನ ಕಡೆ, ಅಂದರೆ ಆ ಇನ್ನೂರು ಮನೆಗಳ ಹೊಸ್ತಿಲಿಗೆ ಹೋಗುತ್ತದೆ. ಯಾವ ಮನೆಗೆ ಮೊದಲು ನುಗ್ಗುತ್ತದೆ ಎಂಬುದನ್ನು ಅಲ್ಲಿನ ಹೆಂಗಸರು ಬೆರಳು ತೋರಿಸಿ ಹೇಳಬಲ್ಲರು. ಸಭೆಗೆ ಅವರು ಬಾರದಿದ್ದುದರಿಂದ ಆದ ನಿಜವಾದ ನಷ್ಟ ಇದು. ಹಾಗಾಗಿ ಎರಡು ಬೇಡಿಕೆ ಇಡಿ. ಮೇಲಿನ ರಸ್ತೆಗೆ ಕೈ ಹಾಕುವ ಮುನ್ನ ಕೆಳಗಿನ ಮಳೆನೀರು ಚರಂಡಿ ದೊಡ್ಡದಾಗಲಿ, ಮತ್ತು ಮರಗಳಿಗೆಂದು ಬಿಡುವ ಒಂದು ಮೀಟರಿನ ಪಟ್ಟಿಯನ್ನು ಟೈಲ್ಸ್‌ನಿಂದ ಮುಚ್ಚದೆ ತೆರೆದ ಮಣ್ಣಾಗಿಯೇ ಬಿಡಲಿ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ಇರಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ವಿಷಯದಲ್ಲಿ ಆದೇಶಿಸಿದೆ, ಅದನ್ನು ಮನವಿಯಲ್ಲಿ ಉಲ್ಲೇಖಿಸಬಹುದು. ಚರಂಡಿಗೆ ಹಣವಿಲ್ಲ ಎಂಬ ಉತ್ತರ ಬಂದರೆ, ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25 ಎಂದು ಮೀಸಲಿಡುವ ನಿಧಿಯಿಂದ ಈ ಕಾಲೊನಿಗೆ ಏನು ಖರ್ಚಾಗಿದೆ ಎಂದು ಕೇಳಿ.

ಬಾಡಿಗೆಯ ಭಯ ಅರ್ಧ ನಿಜ. ಹಕ್ಕುಪತ್ರ ಕೈಯಲ್ಲಿರುವವರಿಗೆ ರಸ್ತೆ ಸುಧಾರಿಸಿದರೆ ಲಾಭವೇ. ಹೊಡೆತ ಬೀಳುವುದು ಅದೇ ಕಾಲೊನಿಯಲ್ಲಿ ಬಾಡಿಗೆಗೆ ಅಥವಾ ಭೋಗ್ಯಕ್ಕೆ ಇರುವವರಿಗೆ, ಮತ್ತು ಕಾಗದವಿಲ್ಲದೆ ದಶಕಗಳಿಂದ ನೆಲೆಸಿರುವವರಿಗೆ. ಕಾಲೊನಿ ಒಂದೇ ದನಿಯಲ್ಲಿ ಮಾತಾಡುತ್ತದೆ ಎಂದುಕೊಂಡರೆ ಈ ವ್ಯತ್ಯಾಸ ಕಣ್ತಪ್ಪುತ್ತದೆ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಆ ಜಾಗ ಘೋಷಣೆಯಾಗಿದೆಯೇ, ಎಷ್ಟು ಮನೆಗಳಿಗೆ ಹಕ್ಕುಪತ್ರ ಬಾಕಿ ಇದೆ ಎಂದು ತಿಳಿದುಕೊಳ್ಳಿ. ದೀಪದ ಕಂಬಗಳಿಗಿಂತ ಮೊದಲು ಆ ಕಡತ ಚಲಿಸಲಿ. ಬಾಡಿಗೆದಾರರಿಗೆ ನಿಮ್ಮ ಸಂಘ ಮಾಡಬಹುದಾದದ್ದು ಕಡಿಮೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ನ್ಯಾಯಾಲಯದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ವ್ಯಾಪಾರಿಗಳನ್ನು ನೋಟಿಸಿಲ್ಲದೆ ಎಬ್ಬಿಸಿದರೆ ತಡಮಾಡದೆ ಹೋಗಿ, ಇಡೀ ಯೋಜನೆಗೆ ತಡೆಯಾಜ್ಞೆ ತರಲು ಮಾತ್ರ ಹೋಗಬೇಡಿ. ತಡೆ ಬಿದ್ದರೆ ಮಾರ್ಚ್ ಕೊನೆಗೆ ಹಣ ಹಿಂದಕ್ಕೆ ಹೋಗಬಹುದು, ಚರಂಡಿಯೂ ನಿಲ್ಲುತ್ತದೆ, ಅತ್ತೆಯವರಿಗೆ ನಡೆಯುವ ಜಾಗವೂ ಸಿಗುವುದಿಲ್ಲ. ನಡುವಿನ ದಾರಿ ಒಂದಿದೆ. ನೂರು ಮೀಟರಿನಲ್ಲಿ ಒಂದು ತಿಂಗಳು ತಾತ್ಕಾಲಿಕವಾಗಿ ಬಣ್ಣದ ಗೆರೆ, ಕಂಬ, ಕುಂಡಗಳಿಟ್ಟು ಹೊಸ ಹಂಚಿಕೆಯನ್ನು ಪರೀಕ್ಷಿಸಿ ಎಂದು ಕೇಳುವುದು. ಇದರಲ್ಲಿಯೂ ಅಪಾಯವಿದೆ, ವ್ಯಾಪಾರ ಕಡಿಮೆ ಇರುವ ತುದಿಯನ್ನು ಆರಿಸಿಕೊಂಡು ‘ವ್ಯಾಪಾರಿಗಳೇ ಬರಲಿಲ್ಲ’ ಎಂದು ವರದಿ ಬರೆಯಬಹುದು. ಜಾಗವನ್ನೂ ಎಣಿಕೆಯ ಹೊತ್ತನ್ನೂ ಮೊದಲೇ ಒಪ್ಪಿಕೊಂಡು ಬರಹದಲ್ಲಿ ಇಡಿ.

ಕೊನೆಯದಾಗಿ, ಗುತ್ತಿಗೆದಾರರಿಗೆ ಅಂತಿಮ ಬಿಲ್ ಪಾವತಿಸುವ ಮುನ್ನ ಜಂಟಿ ಪರಿಶೀಲನೆ ನಡೆಸಬೇಕು, ಅದರಲ್ಲಿ ಕಾಲೊನಿಯ ಇಬ್ಬರು ಮಹಿಳೆಯರು ಮತ್ತು ವ್ಯಾಪಾರಿಗಳ ಒಬ್ಬ ಪ್ರತಿನಿಧಿ ಇರಬೇಕು ಎಂಬ ಸಾಲನ್ನು ಈಗ ಕೊಡುವ ಮನವಿಯಲ್ಲೇ ಸೇರಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆ ಪರಿಶೀಲನೆಯನ್ನು ಒಣ ದಿನಗಳಲ್ಲಿ ಮುಗಿಸಲು ಒಪ್ಪದೆ, ಕನಿಷ್ಠ ಒಂದು ಜೋರು ಮಳೆ ಬಂದ ಮಾರನೆಯ ಬೆಳಿಗ್ಗೆ ಇಟ್ಟುಕೊಳ್ಳಿ.